ಗೇಟಿಗೆ ಸಿಕ್ಕಿಸಿದ ಸೊಪ್ಪಿನ ಕಡ್ಡಿ

ಹೋದ ವಾರ ಕನಕಪುರದಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲಿ ಒಬ್ಬಾತ ಹಿಪ್ಪುನೇರಳೆ ಸೊಪ್ಪಿನ ಹೊರೆ ಹತ್ತಿಸಿದ. ಕಂಡಕ್ಟರು ಲಗೇಜಿನ ಟಿಕೆಟ್ ಕೇಳಿದರೆ, "ಸೊಪ್ಪಿಗೆ ಎಂಥ ಟಿಕೇಟಣ್ಣ, ಅಲ್ಲಿ ಹುಳ ಉಪಾಸ ಕುಂತವೆ" ಎಂದು ಗೊಣಗುತ್ತಾ ಹೊರೆಯನ್ನು ನನ್ನ ಕಾಲ ಬುಡಕ್ಕೇ ತಳ್ಳಿದ. ಹಸಿ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಇಳಿಯುವಾಗ ನಾಚಿಕೆ ಬಿಟ್ಟು ಒಂದು ಕಡ್ಡಿ ಕೊಡುತ್ತೀರಾ ಎಂದು ಕೇಳಿದೆ. "ಮನೇಲಿ ಹುಳ ಸಾಕಿದ್ದೀರೇನಮ್ಮ?" ಎಂದ. ಇಲ್ಲ, ಸುಮ್ಮನೆ ಎಂದೆ. ನನ್ನ ತಲೆ ಸರಿಯಿದೆಯೋ ಇಲ್ಲವೋ ಎನ್ನುವಂತೆ ಒಮ್ಮೆ ನೋಡಿ ಎರಡು ಕಡ್ಡಿ ಕೊಟ್ಟ. ಅವು ಈಗ ಮೇಜಿನ ಮೇಲೆ ನೀರಿನ ಲೋಟದಲ್ಲಿವೆ. ಎಲೆ ಬಾಡುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಕೋಡಿಹಳ್ಳಿ ಕಡೆಯ ಆ ಊರು ನನ್ನ ಮೊದಲ ಪೋಸ್ಟಿಂಗು. ಒಂದರಿಂದ ಐದನೇ ತರಗತಿವರೆಗೆ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಹೊಂಗೆ ಮರವಿದ್ದ ಒಳ್ಳೆಯ ಅಗಲವಾದ ಅಂಗಳ. ಮಕ್ಕಳು ಮೂವತ್ತೊಂದು. ಹೆಡ್‌ಮಾಸ್ಟರು ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಸಾಧು ಮನುಷ್ಯ. ಯಾವ ವಿಷಯ ಎತ್ತಿದರೂ "ಗಲಾಟೆ ಬೇಡ ಮೇಡಂ" ಎನ್ನುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಇನ್ನು ಬಿಸಿಯೂಟದ ಗೌರಮ್ಮ. ಅಂಗಳದ ಪೂರ್ವಕ್ಕೆ ತಂತಿ ಬೇಲಿ, ಬೇಲಿಯಾಚೆ ಸಿದ್ದೇಗೌಡರ ಹಿಪ್ಪುನೇರಳೆ ತೋಟ, ತೋಟದ ತುದಿಯಲ್ಲಿ ಅವರ ಹುಳದ ಮನೆ. ನಾನು ಮಾಗಡಿ ಕಡೆಯ ರಾಗಿ ಹೊಲದವರ ಮಗಳು. ರೇಷ್ಮೆ ಸೀರೆ ಗೊತ್ತಿತ್ತೇ ಹೊರತು ಹುಳ ಗೊತ್ತಿರಲಿಲ್ಲ.

ಶಾಲೆ ಶುರುವಾದ ಎರಡನೇ ವಾರ. ಮಕ್ಕಳಿಗೆ ಲಗೋರಿ ಆಡಿಸಬೇಕೆಂದು ಏಳು ಚಪ್ಪಟೆ ಕಲ್ಲು ಆರಿಸಿಟ್ಟಿದ್ದೆ. ಇಂಟರ್‌ವಲ್ ಬೆಲ್ಲು ಹೊಡೆಯಿತು. ನಾನು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದು ನಿಂತೆ. ಒಂದು ಮಗುವೂ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಎಲ್ಲರೂ ಕೈಕಟ್ಟಿಕೊಂಡು ಕೂತಿದ್ದಾರೆ.

"ಯಾಕ್ರೋ, ಬೆಲ್ಲು ಕೇಳಲಿಲ್ವಾ?"

"ಕಡ್ಡಿ ಐತೆ ಮಿಸ್" ಎಂದ ನಾಲ್ಕನೇ ಕ್ಲಾಸಿನ ಒಬ್ಬ, ಇಷ್ಟೂ ಗೊತ್ತಿಲ್ಲವೇ ಎಂಬ ಮುಖ ಮಾಡಿ. "ಗೇಟಲ್ಲಿ ನೋಡಿ. ಸಿದ್ದೇಗೌಡ್ರ ಹುಳ ಎದ್ದವೆ. ಆಟ ಇಲ್ಲ."

ಗೇಟಿನ ಸರಳಿಗೆ ಒಂದು ಸೊಪ್ಪಿನ ಕಡ್ಡಿ ಸಿಕ್ಕಿಸಿತ್ತು. ಹೆಡ್‌ಮಾಸ್ಟರರನ್ನು ಕೇಳಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಉಣ್ಣುವುದು ನಿಲ್ಲಿಸಿ ಮಲಗುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಮೂರನೇ ಜ್ವರ, ನಾಲ್ಕನೇ ಜ್ವರ ಕಳೆದು ಎದ್ದ ಮೇಲೆ ಅದರ ಹಸಿವು ತಡೆಯುವುದಕ್ಕಾಗುವುದಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು, ಆ ಸೊಪ್ಪಿನ ಮೇಲೆ ಧೂಳಿರಬಾರದು. ಧೂಳು ತಿಂದ ಹುಳ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ನಮ್ಮ ಅಂಗಳವೋ ಬರೀ ಕೆಮ್ಮಣ್ಣು. ಹಿಂದೆ ಒಂದು ಬೆಳೆ ಹಾಗೇ ಕೆಟ್ಟು ದೊಡ್ಡ ಜಗಳವಾಗಿತ್ತಂತೆ. ಶಾಲೆಗೆ ಜಾಗ ಬಿಟ್ಟುಕೊಟ್ಟವರೇ ಸಿದ್ದೇಗೌಡರ ತಂದೆ. ಕೊನೆಗೆ ಆದ ಒಪ್ಪಂದವೆಂದರೆ ಗೇಟಿನಲ್ಲಿ ಕಡ್ಡಿ ಇದ್ದ ದಿನ ಮಕ್ಕಳು ಅಂಗಳಕ್ಕೆ ಇಳಿಯಬಾರದು.

"ತಿಂಗಳಿಗೆ ಎಷ್ಟು ದಿನ ಸರ್ ಹೀಗೆ?"

"ಹತ್ತು ಹನ್ನೆರಡು ದಿನ. ಗಲಾಟೆ ಬೇಡ ಮೇಡಂ."

ನನಗೆ ಮೈಯೆಲ್ಲ ಉರಿಯಿತು. ಹುಳಕ್ಕೆ ಇಷ್ಟು ನಾಜೂಕು ಮಾಡುವ ಊರಲ್ಲಿ ಮಕ್ಕಳನ್ನು ಕೇಳುವವರೇ ಇಲ್ಲವೇ ಎಂದು ಗೌರಮ್ಮನ ಮುಂದೆ ಕೂಗಾಡಿದೆ. ಗೌರಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ, "ಆ ಹುಳದಿಂದ್ಲೇ ಈ ಮಕ್ಕಳ ಬಟ್ಟೆಬರೆ ಆಗೋದು ಮೇಡಮ್ಮೋರೆ" ಎಂದಳು.

ಕಡ್ಡಿ ತಂದು ಸಿಕ್ಕಿಸುತ್ತಿದ್ದವಳು ಸಿದ್ದೇಗೌಡರ ಮೊಮ್ಮಗಳು ಚಂದನ. ಮೂರನೇ ತರಗತಿ. ಎರಡು ಜಡೆಯ, ಮಾತು ಕಡಿಮೆಯ ಹುಡುಗಿ. ಬ್ಯಾಗು ಒಂದು ಹೆಗಲಿಗೆ, ಕಡ್ಡಿ ಕೈಯಲ್ಲಿ. ಗೇಟಿನ ಹತ್ತಿರ ಅವಳು ಬರುವುದನ್ನು ಕಂಡ ಕೂಡಲೇ ಮಕ್ಕಳು "ಅಯ್ಯೋ, ಕಡ್ಡಿ ಚಂದನ ಬಂದ್ಲು" ಎಂದು ರಾಗ ಎಳೆಯುತ್ತಿದ್ದರು. ಕಡ್ಡಿಯಿಲ್ಲದ ದಿನಗಳಲ್ಲೂ ಅವಳನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಎಲ್ಲರ ಸ್ವೆಟರು, ನೀರಿನ ಬಾಟಲಿ ಕಾಯುತ್ತಿದ್ದಳು.

"ನೀನ್ಯಾಕೆ ಆಡಲ್ಲ ಚಂದನ?" ಎಂದೆ ಒಮ್ಮೆ.

"ನಂಗೆ ಆಟ ಅಂದ್ರೆ ಇಷ್ಟ ಇಲ್ಲ ಮಿಸ್."

ಅದು ಶುದ್ಧ ಸುಳ್ಳೆಂದು ಎರಡು ದಿನದಲ್ಲೇ ಗೊತ್ತಾಯಿತು. ಪಾಠದ ಮಧ್ಯೆ ನೀರು ಕುಡಿಯಲು ಹೋದವಳು ಬರಲಿಲ್ಲವೆಂದು ಇಣುಕಿದರೆ, ಯಾರೂ ಇಲ್ಲದ ವರಾಂಡದಲ್ಲಿ ನೆಲದ ಕಲ್ಲುಚಪ್ಪಡಿಗಳನ್ನೇ ಮನೆ ಮಾಡಿಕೊಂಡು ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದಳು. ಬಿಲ್ಲೆಯ ಬದಲಿಗೆ ಒಂದು ರಬ್ಬರು. ಗೆರೆ ತುಳಿದಾಗ ತಾನೇ "ಔಟ್" ಎಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಕರೆಯದೆ ಒಳಗೆ ಬಂದುಬಿಟ್ಟೆ.

ಮಾರನೆಯ ದಿನ ಹುಡುಗಿಯರನ್ನು ನಿಲ್ಲಿಸಿ, ಚಂದನಳನ್ನು ಸೇರಿಸಿಕೊಂಡೇ ಆಡಬೇಕು ಎಂದು ಆರ್ಡರ್ ಮಾಡಿದೆ. ಹೊಸ ಮೇಷ್ಟರಮ್ಮನ ದಡ್ಡತನ. ಅವರು ಸೇರಿಸಿಕೊಂಡರು, ಮೊದಲನೇ ಸುತ್ತಿನಲ್ಲೇ ಮೋಸದಿಂದ ಔಟ್ ಮಾಡಿ ಮತ್ತೆ ಮೆಟ್ಟಿಲಿಗೆ ಕಳಿಸಿದರು. ಆಮೇಲೆ ಆರ್ಡರ್ ಮಾಡುವುದನ್ನು ಬಿಟ್ಟೆ.

ಆಷಾಢ ಬಂತು. ಗಾಳಿ ಎಂದರೆ ಗಾಳಿ, ಹೊಂಗೆ ಮರ ದಿನವಿಡೀ ಒಂದೇ ಕಡೆಗೆ ಬಾಗಿಕೊಂಡಿರುತ್ತಿತ್ತು. ಒಂದು ಬುಧವಾರ ಗೇಟಿನಲ್ಲಿ ಕಡ್ಡಿ ಇರಲಿಲ್ಲ. ಮಕ್ಕಳು ಕೆರೆ-ದಡ ಆಡಲು ನಿಂತರು. ನಾನು "ಕೆರೆ" ಎಂದರೆ ಗೆರೆಯಾಚೆ ನೆಗೆಯಬೇಕು, "ದಡ" ಎಂದರೆ ಹಿಂದಕ್ಕೆ. ಸಾಲಿನ ತುದಿಯಲ್ಲಿ ನೋಡಿದರೆ ಚಂದನ! ಯಾರ ಅಪ್ಪಣೆಯನ್ನೂ ಕೇಳದೆ ತಾನೇ ಬಂದು ನಿಂತಿದ್ದಳು. ಕಡ್ಡಿಯಿಲ್ಲದ ಖುಷಿಯಲ್ಲಿ ಮಕ್ಕಳೂ ಅವಳನ್ನು ಏನೂ ಅನ್ನಲಿಲ್ಲ. ನಾನು ಬೇಕೆಂದೇ ಆಟ ಎಳೆದೆ. ಅವಳು ಕೊನೆಯ ಮೂವರಲ್ಲಿ ಉಳಿದಿದ್ದಳು. ಅಂಗಳದಿಂದ ಎದ್ದ ಕೆಂಪು ಧೂಳು ಬೇಲಿ ದಾಟಿ ಹೋಗುತ್ತಿದ್ದುದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಸಿದ್ದೇಗೌಡರು ಗೇಟು ತಳ್ಳಿಕೊಂಡು ಬಂದರು. ಎತ್ತರದ ಆಳು, ಹೆಗಲ ಮೇಲೆ ಟವೆಲು, ಕೈಯಲ್ಲಿ ಆಗಷ್ಟೇ ಕೊಯ್ದ ಸೊಪ್ಪು. ನೇರ ನನ್ನ ಮುಂದೆ ನಿಂತು ಒಂದು ಎಲೆಯ ಮೇಲೆ ಹೆಬ್ಬೆರಳು ಎಳೆದು ತೋರಿಸಿದರು. ಬೆರಳು ಕೆಂಪಾಗಿತ್ತು.

"ಇದ್ನ ನೀವ್ ಉಣ್ತೀರಾ ಮೇಡಮ್ಮೋರೆ?"

ಹಿಂದಿನ ದಿನ ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದ್ದಕ್ಕೆ ಗೌರಮ್ಮನ ಮೇಲೆ ರೇಗಿದವಳು ನಾನು.

"ನಾಕ್ನೇ ಜ್ವರ ಎದ್ದವೆ. ಬೆಳಗ್ಗೇನೆ ಕಡ್ಡಿ ಕಳ್ಸಿವ್ನಿ. ಯಾರ್ ಕಿತ್ತಾಕಿದ್ದು? ನೀವಾ?"

ಹೌದು ನಾನೇ, ಮಕ್ಕಳು ಆಡಬೇಕು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನನ್ನ ಸೀರೆಯ ಹಿಂದಿನಿಂದ ಸಣ್ಣ ದನಿ ಬಂತು.

"ನಾನೇ ತಾತ. ಮೋರಿಗೆ ಎಸ್ದ್ಬುಟ್ಟೆ."

"ಯಾಕವ್ವಾ?"

"ಕಡ್ಡಿ ತಂದ್ರೆ ನನ್ನ ಯಾರೂ ಆಟಕ್ಕೆ ಸೇರ್ಸ್ಕಳಲ್ಲ" ಎಂದವಳು ಮುಂದಕ್ಕೆ ಬಂದು ತಾತನ ಎದುರಿಗೆ ನಿಂತಳು. "ಒಂದಿನಾನೂ ಸೇರ್ಸ್ಕಂಡಿಲ್ಲ."

ಸಿದ್ದೇಗೌಡರು ಮೊಮ್ಮಗಳನ್ನು ನೋಡಿದರು, ಸಾಲಾಗಿ ತಲೆ ತಗ್ಗಿಸಿ ನಿಂತ ಮಕ್ಕಳನ್ನು ನೋಡಿದರು. ಕೈಯಲ್ಲಿದ್ದ ಸೊಪ್ಪನ್ನು ಟವೆಲಿನಿಂದ ಒರೆಸತೊಡಗಿದರು. ಒಂದೊಂದೇ ಎಲೆ ಒರೆಸುತ್ತಾ ತಿರುಗಿ ಹೊರಟುಹೋದರು.

ಎರಡು ದಿನ ಚಂದನ ಶಾಲೆಗೆ ಬರಲಿಲ್ಲ, ಕಡ್ಡಿಯೂ ಬರಲಿಲ್ಲ. ಆದರೂ ನಾನು ಮಕ್ಕಳನ್ನು ಹೊರಗೆ ಬಿಡಲಿಲ್ಲ. ಅವರೂ ಕೇಳಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ಗೌಡರು ಅವಳ ಕೈ ಹಿಡಿದುಕೊಂಡು ಬಂದರು. ಅವಳನ್ನು ಊಟದ ಸಾಲಿಗೆ ಬಿಟ್ಟು, ಮೆಟ್ಟಿಲ ಮೇಲೆ, ಅವಳು ಕೂರುತ್ತಿದ್ದ ಜಾಗದಲ್ಲೇ ಕೂತರು.

"ನಂಗೊತ್ತಿರ್ಲಿಲ್ಲ ಮೇಡಮ್ಮೋರೆ. ಕೂಸು ಒಂದಿನಾನೂ ಹೇಳ್ಲಿಲ್ಲ. ಇತ್ಲಾಗೆ ಹುಳಾನೂ ಬುಡಾಕಾಗಲ್ಲ, ಅತ್ಲಾಗೆ ಮಗೀನೂ ಬುಡಾಕಾಗಲ್ಲ. ನೀವ್ ಓದ್ದೋರು. ಒಸಿ ದಾರಿ ಹೇಳಿ."

ಅವರು ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಿತ್ತು. ದಾರಿ ಕೇಳಲು ಬಂದರು, ನನ್ನ ಹತ್ತಿರ ದಾರಿಯಿರಲಿಲ್ಲ. ಅವತ್ತು ಮೊದಲ ಸಲ ಅವರ ಹುಳದ ಮನೆ ನೋಡಿದೆ. ಬಾಗಿಲಲ್ಲಿ ಕೈಕಾಲು ತೊಳೆಸಿ, ಹೊಸ್ತಿಲಾಚೆಯೇ ನಿಲ್ಲಿಸಿ ತೋರಿಸಿದರು. ಅಟ್ಟಣಿಗೆಯ ತುಂಬ ಹುಳ ಸೊಪ್ಪು ಮೇಯುವ ಸದ್ದು, ಹೊರಗೆ ಸೋನೆ ಹಿಡಿದಿದೆಯೇನೋ ಎಂದು ನಾನು ತಿರುಗಿ ನೋಡಿದೆ. ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಆಮೇಲೆ ನನ್ನ ಪ್ರಯೋಗಗಳು ಶುರುವಾದವು. ಗೌಡರ ಬೋರ್‌ವೆಲ್ಲಿನಿಂದ ಪೈಪು ಎಳೆಸಿ ಇಂಟರ್‌ವಲ್ಲಿಗೆ ಮೊದಲು ನೀರು ಚಿಮುಕಿಸಿದೆ. ಅಂಗಳ ರಾಡಿಯಾಯಿತು, ಎರಡನೇ ಕ್ಲಾಸಿನವರಿಬ್ಬರು ಜಾರಿ ಬಿದ್ದರು, ಸಂಜೆಗೆ ತಾಯಂದಿರು ಯೂನಿಫಾರಂ ಹಿಡಿದುಕೊಂಡು ಗೇಟಿಗೆ ಬಂದರು. ಬೇಲಿಗೆ ಹಳೆಯ ಸೀರೆಗಳನ್ನು ಕಟ್ಟಿಸಿದೆ. ಗಾಳಿ ಒಂದನ್ನೂ ಉಳಿಸಲಿಲ್ಲ. ಹೆಡ್‌ಮಾಸ್ಟರರು ಹೊಂಗೆ ಮರದ ತುದಿಯಲ್ಲಿ ಹಾರಾಡುತ್ತಿದ್ದ ಸೀರೆಯನ್ನು ನೋಡಿ ನಕ್ಕಿದ್ದು ಆ ವರ್ಷದ ಅಪರೂಪಗಳಲ್ಲೊಂದು.

ದಾರಿ ಸಿಕ್ಕಿದ್ದು ಅಡುಗೆಮನೆಯ ಮುಂದೆ. ಮಳೆ ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಗೌರಮ್ಮ ಬಾಗಿಲ ಮುಂದಿನ ನೆಲವನ್ನು ಸಗಣಿಯಿಂದ ಸಾರಿಸುತ್ತಿದ್ದಳು. ನಾನು ಎಂದಿನಂತೆ ಧೂಳಿನ ಗೋಳು ತೆಗೆದೆ. ಅವಳು ತಲೆಯೆತ್ತದೆ ಕೇಳಿದಳು:

"ನಿಮ್ಮೂರ ಕಡೆ ರಾಗಿ ಕಣ ಮಾಡಲ್ವಾ ಮೇಡಮ್ಮೋರೆ? ಕಣದಾಗೆ ಧೂಳು ಎಲ್ಲೈತೆ?"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಾನು ಕಣದಲ್ಲೇ ಆಡಿ ಬೆಳೆದವಳು! ನೆಲ ಕೆತ್ತಿ, ನೀರು ಹೊಡೆದು, ಗುಂಡಾದ ರೋಣುಗಲ್ಲು ಉರುಳಿಸಿ ಗಟ್ಟಿ ಮಾಡಿ, ಸಗಣಿ ಸಾರಿಸಿದರೆ ಆಯಿತು, ಕಾಳಿಗೆ ಒಂದು ಹರಳು ಮಣ್ಣು ಅಂಟುವುದಿಲ್ಲ. ಅಂಥ ನೆಲ ಮಕ್ಕಳಿಗೂ ಆಗುತ್ತದೆ ಎಂದು ಹೊಳೆಯಲು ಗೌರಮ್ಮ ಬೇಕಾಯಿತು.

ಕಾರ್ತಿಕದ ಒಂದು ಭಾನುವಾರ ಕೆಲಸ ಹಿಡಿದೆವು. ಹಿಂದಿನ ವಾರವೆಲ್ಲ ಮಕ್ಕಳು ಕಲ್ಲು ಆಯ್ದು ಹೊಂಗೆ ಬುಡಕ್ಕೆ ಗುಡ್ಡೆ ಹಾಕಿದ್ದರು. ಗಂಡಸರು ನೆಲ ಕೆತ್ತಿ ಮಟ್ಟ ಮಾಡಿದರು, ಗೌಡರು ನೀರು ಬಿಟ್ಟರು. ಹದಕ್ಕೆ ಬಂದ ಮೇಲೆ ಅವರ ಹಿತ್ತಲಲ್ಲಿ ಎಷ್ಟೋ ವರ್ಷದಿಂದ ಮಲಗಿದ್ದ ರೋಣುಗಲ್ಲನ್ನು ತಂದರು. ಎತ್ತು ಇರಲಿಲ್ಲ, ಊರಿನ ಹುಡುಗರೇ ಹಗ್ಗ ಕಟ್ಟಿ ಎಳೆದರು. ಗೌರಮ್ಮನ ಜೊತೆಗೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಪೊರಕೆಯಲ್ಲಿ ಸಗಣಿ ಬಗ್ಗಡ ಎಳೆಯುತ್ತಾ ಹಿಂದೆ ಹಿಂದೆ ಸರಿದರು. "ಮೇಡಮ್ಮೋರೆ, ಕೈಗೆ ಸಗಣಿ ಆದ್ರೆ ಸಂಬಳ ಕಟ್ ಮಾಡಲ್ಲ, ಬನ್ನಿ" ಎಂದು ಯಾರೋ ಕರೆದರು. ನಾನೂ ಪೊರಕೆ ಹಿಡಿದೆ. ಸೊಂಟ ಮೂರು ದಿನ ಹಿಡಿದುಕೊಂಡಿತ್ತು.

ಸೋಮವಾರ ಮಕ್ಕಳು ಗೇಟಿನೊಳಗೆ ಬಂದವರೇ ನಿಂತುಬಿಟ್ಟರು. ಹಸಿರು ಛಾಯೆಯ ನುಣುಪು ನೆಲ. ಯಾರೂ ಹೇಳಿಕೊಡದೆಯೇ ಎಲ್ಲರೂ ಚಪ್ಪಲಿ, ಶೂ ಬಿಚ್ಚಿ ಅಂಚಿನಲ್ಲಿ ಸಾಲಾಗಿಟ್ಟರು. ಕಣವನ್ನು ಮೆಟ್ಟು ಹಾಕಿ ತುಳಿಯಬಾರದೆಂಬುದು ರೈತರ ಮನೆಯ ಮಕ್ಕಳಿಗೆ ಯಾರು ಹೇಳಬೇಕು? ಒಂದು ಮೂಲೆ ಚಿಕ್ಕವರಿಗೆ, ಬೇಲಿಯಿಂದ ದೂರದ ಬದಿ ಲಗೋರಿಗೆ, ಮರದ ಬುಡ ಮರಕೋತಿಗೆ ಎಂದು ಹಂಚಿದೆ. ನಡುವೆ ರಂಗೋಲಿ ಪುಡಿಯಲ್ಲಿ ಕುಂಟೆಬಿಲ್ಲೆಯ ಮನೆ ಬರೆದೆವು. ಬರೆದವಳು ಚಂದನ. ಗೆರೆ ಅಷ್ಟು ನೇರವಾಗಿ ಬರೆಯಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಆದ್ದರಿಂದ ಅವಳನ್ನು ಬಿಟ್ಟು ಆಡುವ ಹಾಗಿರಲಿಲ್ಲ. ವಾರಕ್ಕೊಮ್ಮೆ ತಾಯಂದಿರು ಸರದಿಯ ಮೇಲೆ ಬಂದು ಸಾರಿಸಿ ಹೋಗುತ್ತಿದ್ದರು. ಹುಳ ಎದ್ದವು, ಉಂಡವು, ಗೂಡು ಕಟ್ಟಿದವು. ಗೇಟಿಗೆ ಕಡ್ಡಿ ಬರಲಿಲ್ಲ. ಆ ಒಂದೂವರೆ ತಿಂಗಳು ನನ್ನಷ್ಟು ಜಂಬದ ಹೆಂಗಸು ತಾಲ್ಲೂಕಿನಲ್ಲಿ ಇರಲಿಲ್ಲ.

ಜಂಬದಲ್ಲಿ ಒಂದು ವಿಷಯ ಮರೆತಿದ್ದೆ. ಊರಲ್ಲಿ ಈಗ ಯಾರೂ ಕಣ ಮಾಡುವುದಿಲ್ಲ. ರಾಗಿ, ಹುರುಳಿಯನ್ನು ಟಾರು ರೋಡಿನ ಮೇಲೆ ಹರಡಿ ಬಸ್ಸು ಲಾರಿಗಳಿಂದ ಒಕ್ಕಿಸುತ್ತಾರೆ. ಕಾಳಿನ ಜೊತೆ ಕಲ್ಲು, ಮಣ್ಣು, ಡೀಸೆಲ್ಲು. ಅಂಥ ಊರಿನ ನಡುವೆ ನಾನು ಕನ್ನಡಿಯಂಥ ಕಣ ಮಾಡಿಸಿ ಇಟ್ಟಿದ್ದೆ. ಸುಗ್ಗಿ ಬಂತು. ಒಂದು ಸೋಮವಾರ ಬಂದು ನೋಡಿದರೆ ಅಂಗಳದ ತುಂಬ ರಾಗಿ ತೆನೆ.

"ಒಂದೇ ದಿನ ಮೇಡಮ್ಮೋರೆ, ನಾಳೀಕೆ ಎತ್ಬುಡ್ತೀವಿ" ಎಂದರು ಹಾಕಿದವರು. ನಾಳೆ ಅವರು ಎತ್ತಿದರು, ಇನ್ನೊಬ್ಬರು ಹಾಕಿದರು. ಅವರ ಹಿಂದೆ ಹುರುಳಿ, ಹುರುಳಿಯ ಹಿಂದೆ ಮತ್ತೆ ರಾಗಿ. ಕಣಕ್ಕೆ ಬಿದ್ದ ರಾಗಿಯನ್ನು ತೆಗೆಯಿರಿ ಎನ್ನಬಾರದೆಂದು ನನಗೆ ಚಿಕ್ಕಂದಿನಿಂದ ಕಲಿಸಿದ್ದರು. ಅದೂ ಅಲ್ಲದೆ ಆ ನೆಲ ಸಾರಿಸಿದ ಕೈಗಳೇ ಅವು, ಏನೆಂದು ಜಗಳವಾಡುವುದು? ಹೆಡ್‌ಮಾಸ್ಟರರು "ಸುಗ್ಗಿ ಮುಗೀಲಿ, ಗಲಾಟೆ ಬೇಡ" ಎಂದರು. ಮಕ್ಕಳು ಮತ್ತೆ ಒಳಗೆ ಕೈಕಟ್ಟಿ ಕೂತರು. ಚಂದನ ಹಳೆಯ ಮೆಟ್ಟಿಲಿಗೆ ಹೋಗಿ, ತೆನೆಯಡಿಯಲ್ಲಿ ಅಳಿಸಿಹೋಗುತ್ತಿದ್ದ ತನ್ನ ಗೆರೆಗಳನ್ನು ನೋಡುತ್ತಿದ್ದಳು. ಐದನೆಯ ದಿನ ನಾನು ಅಡುಗೆಮನೆಯಲ್ಲಿ ಗೌರಮ್ಮನ ಮುಂದೆ ಅತ್ತುಬಿಟ್ಟೆ. ಎಲ್ಲ ಮಾಡಿ ಕೊನೆಗೆ ನಾನೇ ಮಕ್ಕಳ ಆಟ ಕಿತ್ತುಕೊಂಡೆ ಎನ್ನಿಸಿತ್ತು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಬರುವಾಗ ದೂರದಿಂದಲೇ ಕಾಣಿಸಿತು. ಗೇಟಿನ ಸರಳಿಗೆ ಸೊಪ್ಪಿನ ಕಡ್ಡಿ. ರಾಗಿ ಸಾಲದೆಂದು ಇನ್ನು ಹುಳವೂ ಎದ್ದವೇ?

ಗೇಟಿನ ಪಕ್ಕ ಸಿದ್ದೇಗೌಡರು ನಿಂತಿದ್ದರು. ಎದುರಿಗೆ ತೆನೆ ತುಂಬಿದ ಟ್ರ್ಯಾಕ್ಟರು, ಅದರ ಮೇಲೆ ಅವರ ವಾರಿಗೆಯವನೇ ಒಬ್ಬ.

"ಕಡ್ಡಿ ಕಾಣಕಿಲ್ವೇನ್ಲಾ?" ಎನ್ನುತ್ತಿದ್ದರು ಗೌಡರು. "ನನ್ ಹುಳದ ಮನೆ ಮುಂದೆ ಜಾಗ ಕೆತ್ತಿವ್ನಿ, ರೋಣ್ಗಲ್ಲೂ ಅಲ್ಲೇ ಐತೆ. ಊರ್ನೋರೆಲ್ಲ ಅಲ್ಲಿಗೇ ಹಾಕ್ಕಳಿ."

"ಹುಳದ ಮನೆ ಮುಂದೇನ್ಲಾ? ಒಕ್ಕೋ ಧೂಳು ನಿನ್ ಹುಳಕ್ಕೆ ಆಯ್ತದಾ?"

"ಹುಳ ಇದ್ರೆ ತಾನೆ? ಈ ಸಲ ಸುಗ್ಗಿ ಮುಗಿಯೋಗಂಟ ಹುಳದ ಮರಿ ತರಲ್ಲ ಅಂತ ಹೇಳ್ಬುಟ್ಟಿವ್ನಿ."

ಒಂದು ಬೆಳೆಯನ್ನೇ ಹಿಂದಕ್ಕೆ ಹಾಕಿದ್ದರು. ಹುಳಕ್ಕಾಗಿ ಊರಿನ ಮಕ್ಕಳನ್ನೆಲ್ಲ ಒಳಗೆ ಕೂರಿಸಿದ್ದ ಮನುಷ್ಯ. ನಾನು ಹತ್ತಿರ ಹೋಗಿ, "ಹುಳವೇ ಇಲ್ಲ ಅಂದ್ರೆ ಮತ್ತೆ ಕಡ್ಡಿ ಯಾಕೆ ಗೌಡ್ರೇ?" ಎಂದೆ.

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಮಕ್ಕಳು ಎದ್ದವಲ್ಲ ಮೇಡಮ್ಮೋರೆ."

ಟ್ರ್ಯಾಕ್ಟರು ಹಿಂದಕ್ಕೆ ತಿರುಗಿತು. ಗೌರಮ್ಮ ಉಳಿದಿದ್ದ ಹೊಟ್ಟನ್ನು ಗುಡಿಸಿದಳು. ಇಂಟರ್‌ವಲ್ ಬೆಲ್ಲು ಹೊಡೆದಾಗ ಮಕ್ಕಳು ಬಾಗಿಲಲ್ಲಿ ಮುಗಿಬಿದ್ದು, ಕಡ್ಡಿ ಕಂಡು ತಡೆದು ನನ್ನ ಮುಖ ನೋಡಿದರು. ಹೋಗಿ ಎಂದೆ. ಚಪ್ಪಲಿಗಳು ಅಂಚಿನಲ್ಲಿ ಸಾಲಾದವು. ಚಂದನ ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಕೂತು ಸ್ವೆಟರುಗಳಿಗಾಗಿ ಕೈ ಚಾಚಿದ್ದಳು. ಯಾರೂ ಕೊಡಲಿಲ್ಲ. ಜೂನ್‌ನಲ್ಲಿ ಅವಳನ್ನು ಮೋಸದಿಂದ ಔಟ್ ಮಾಡಿದ್ದ ಹುಡುಗಿಯೇ ರಂಗೋಲಿ ಡಬ್ಬಿ ಎತ್ತಿಕೊಂಡು ಅಂಗಳದ ನಡುವಿನಿಂದ ಕೂಗಿದಳು:

"ಏ ಚಂದನಾ, ಬಾರೆ ಬೇಗ. ಮನೆ ಯಾರ್ ಬರೀತಾರೆ, ನಿಮ್ ತಾತನಾ?"

ಬೇಲಿಯಾಚೆ ತಾತ ನಕ್ಕಿದ್ದು ಕೇಳಿಸಿತು. ಚಂದನ ಆಗಲೇ ಚಪ್ಪಲಿ ಬಿಚ್ಚುತ್ತಿದ್ದಳು.